ಹಳ್ಳ ದಾಟದ ಚರಗ

ಯಂಕಣ್ಣ ಮೂವತ್ತೊಂದು ವರ್ಷ ಹೋಬಳಿ ಕಚೇರಿಯ ಟಪಾಲು ಹೊತ್ತ ವಾಲೀಕಾರ. ಕೊಡೇಕಲ್ ಕಡಿಗಿನ ಆ ಊರಿನ ಸೀಮಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಯಾಕಂದರ ಮೂರು ವರ್ಷಕ್ಕೊಮ್ಮೆ ಊರವ್ವನ ಹೆಸರಲೆ ಸೀಮಿ ಸುತ್ತಿ ಚರಗ ಚೆಲ್ಲೋದು ಅವನ ಮನೆತನದ ಕೆಲಸ. ಬುಟ್ಟಿ ತುಂಬ ಜೋಳದ ಅನ್ನ ಹೊತ್ತು, ಊರಗಡಿಗುಂಟ ಚೆಲ್ಲಿಕೋತ, ಅಜ್ಜ ಇಟ್ಟ ಹೆಜ್ಜಿ ಮ್ಯಾಲೇ ಹೆಜ್ಜಿ ಇಡಬೇಕು. ಹಳ್ಳ ಬಂದರ ನೀರು ದಾಟಬಾರದು, ದಂಡಿ ಹಿಡಿದು ತಿರುಗಬೇಕು.

ಹಳೇ ಹೋಬಳಿ ಒಡದು ಎರಡು ಮಾಡೋ ವರ್ಷ ಅಳತಿಯವರು ಬಂದು ಗಡಿ ತೋರಿಸಂದರು. ಯಂಕಣ್ಣ ರುಮಾಲು ಸುತ್ತಿಕೊಂಡು ಮುಂದ ನಡದ. ಒಂದು ಕಲ್ಲು ಬಿಡಲಿಲ್ಲ, ಒಂದು ಬನ್ನಿಗಿಡ ಬಿಡಲಿಲ್ಲ. ಹಳ್ಳದ ದಂಡಿಗೆ ನಿಂತು, ಇಲ್ಲಿಗೆ ನಮ್ಮ ಸೀಮಿ ಮುಗೀತು ಅಂದು ಸಹಿ ಮಾಡಿದ.

ಹಳ್ಳದ ಆಚಿ ಹನ್ನೊಂದು ಮನಿ. ಅಜ್ಜನ ಕಾಲಕ್ಕ ಅಲ್ಲಿ ಬರೀ ಜಾಲಿ. ಮನಿ ಎದ್ದದ್ದು ನೆರಿ ಬಂದು ಊರಾಗಿನ ಮನಿ ಬಿದ್ದ ಮ್ಯಾಲೆ. ಅದರಾಗ ಏಳನೇದು ಯಂಕಣ್ಣಂದೇ.

ಹನ್ನೊಂದೂ ಬ್ಯಾರೆ ಹೋಬಳಿಗೆ ಹೋದವು. ಮೊದಲು ಕಚೇರಿಗೆ ನಡದು ಹೋಗತಿದ್ದರು, ಈಗ ಹೊಸ ಹೋಬಳಿ ಕಚೇರಿಗೆ ಎರಡು ಬಸ್ಸು. ಬಾಜೂಮನಿ ಸುಗಲಮ್ಮ ಬಸ್ಸಿಳಿದಾಗೊಮ್ಮೆ ಅಂತಿದ್ದಳು: "ಚರಗದ ಕೂಳು ಚೆಲ್ಲಿದಂಗ ನಮ್ಮನ್ನೂ ಆಚಿ ಚೆಲ್ಲಿ ಬಂದಿ ನೋಡಪಾ."

ಅದನ್ನ ತಡಕೊಂಡ. ಆದರ ಅವನ ಸೇವಾ ಮುಗಿದು ಖಾಲಿಯಾದ ಜಾಗಕ್ಕ ಮಗಳು ದುರ್ಗಾ ಹಾಕಿದ ಅರ್ಜಿ ತಿರುಗಿ ಬಂತು. ಕಚೇರಿ ಇರೋ ಹೋಬಳಿಯಾಗ ವಾಸ ಇರೋವರೇ ಬೇಕಂತ. ಗಡಿ ತಿದ್ದಿಸಾಕ ಯಂಕಣ್ಣ ತಾಲೂಕು ಕಚೇರಿಗೆ ನಾಕು ಸಲ ಹೋದ. ನಾಕು ಸಲನೂ ನಾಳಿ ಬಾ ಅಂದರು. ಐದನೇ ಸಲ ಅಲ್ಲಿನ ಸಾಹೇಬ ಗಡಿ ಅಳತಿಯ ಕಾಗದ ತಗದು ಮುಂದಿಟ್ಟ.

"ಸಹಿ ಯಾರದು?"

"ನಂದೇರಿ."

"ತಪ್ಪು ಗಡಿ ತೋರಿಸೀನಿ ಅಂತ ಬರದುಕೊಡು. ಮುಂದಿಂದು ನೋಡೋಣು."

ಯಂಕಣ್ಣ ಪೆನ್ನು ಹಿಡಕೊಂಡ. "ತಪ್ಪು ತೋರಿಸಿಲ್ರಿ," ಅಂದು ಪೆನ್ನು ಮೇಜಿನ ಮ್ಯಾಲಿಟ್ಟ.

ಮನ್ಯಾಗ ಹೆಂಡತಿ ಮಾನಮ್ಮ ರೊಟ್ಟಿ ಬಡಿಯೂದು ಬಿಟ್ಟು ಅಂದಳು: "ಹಂಗಾರ ನಿಮ್ಮ ಅಜ್ಜಗೇ ಹೇಳಿ ನೌಕರಿ ಕೊಡಸ್ರಿ."

ಆ ವರ್ಷವೇ ಚರಗ ಬಂತು. ಈ ಸಲಾದರೂ ನಮ್ಮ ಮನಿ ಸೀಮಿಯೊಳಗ ಬರೂವಂಗ ಸುತ್ತಿ ಬಾ ಅಂತ ಹನ್ನೊಂದು ಮನಿಯವರೂ ಹಳ್ಳದ ಆಚಿ ನಿಂತಿದ್ದರು, ಅವರ ನಡುವ ದುರ್ಗಾ. ಈಚಿ ಯಂಕಣ್ಣ, ಬುಟ್ಟಿ ತಲಿ ಮ್ಯಾಲೆ, ಕಾಲು ನೀರಿನ ಅಂಚಿಗೆ. ಮಗಳ ಮಾರಿ ನೋಡಿದ. ನೋಡಿ, ದಂಡಿ ಹಿಡಿದು ತಿರುಗಿದ.

ಕೆಲಸ ಮುಗಿದ ಮ್ಯಾಲೆ ಬರಿಬುಟ್ಟಿ ಹಿಡಕೊಂಡು, ಧೋತರ ಮ್ಯಾಲೆತ್ತಿ, ಮನಿಗೆ ಹೋಗಾಕಂತ ಅದೇ ಹಳ್ಳ ದಾಟಿದ. ಆಚಿ ದಂಡಿ ಮ್ಯಾಲೆ ಯಾರೂ ಉಳದಿರಲಿಲ್ಲ.