ಎಸಿ ಕೆಳಗಿನ ಜಾಗ

ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳನ್ನು ಎಬ್ಬಿಸುವ ಸಂಗೀತ ಮೊಳಗಿತು. ನನ್ನ ತರಗತಿಯಲ್ಲಿ ಯಾರೂ ತಲೆ ಎತ್ತಲಿಲ್ಲ.

ಅಮೆರಿಕದ ಬರ್ಕ್ಲಿಯಲ್ಲಿ ಓದು ಮುಗಿಸಿ, ಒಂದು ವರ್ಷದ ಮಟ್ಟಿಗೆಂದು ಚೀನಾದ ಒಂದು ಸಣ್ಣ ಊರಿಗೆ ಇಂಗ್ಲಿಷ್ ಕಲಿಸಲು ಹೋಗಿದ್ದೆ. ಅಲ್ಲಿ ಊಟವಾದ ಮೇಲೆ ಇಡೀ ಶಾಲೆ ಮಲಗುತ್ತದೆ. ಪರದೆ ಎಳೆದು, ದೀಪ ಆರಿಸಿ, ಮಕ್ಕಳು ಡೆಸ್ಕಿನ ಮೇಲೆ ಕೈ ಮಡಿಸಿ ತಲೆಯಿಡುತ್ತಾರೆ. ಆ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಮಾಡುವುದೂ ಒರಟುತನ. ನನಗೆ ಮಾತ್ರ ಹಗಲುನಿದ್ದೆ ಬರುತ್ತಿರಲಿಲ್ಲ.

“ಅಮೆರಿಕದಲ್ಲಿ ಮಧ್ಯಾಹ್ನ ಮಲಗಲ್ವಾ, ಲಾವ್‌ಷಿ?” ಎಂದು ಒಬ್ಬ ಹುಡುಗಿ ಕೇಳಿದ್ದಳು. ಟೀಚರನ್ನು ಅವರು ಕರೆಯುವುದು ಹಾಗೆ.

“ಇಲ್ಲ, ಕೆಲಸ ಮಾಡ್ತೀವಿ.”

“ಅಯ್ಯೋ ಪಾಪ! ಅದಕ್ಕೇ ನಿಮ್ಮ ಬಂಗಾರದ ಕೂದಲು ಕಪ್ಪಾಗಿಬಿಟ್ಟಿದೆ.”

ತರಗತಿಯೆಲ್ಲ ನಕ್ಕಿತು. ಅಮೆರಿಕದ ಟೀಚರ್ ಬರುತ್ತಾಳೆಂದು ಹೇಳಿ ಭಾರತದ ಮುಖದ ನನ್ನಂಥವಳನ್ನು ತಂದು ನಿಲ್ಲಿಸಿದ್ದು ಅವರ ಪಾಲಿಗೆ ಮುಗಿಯದ ತಮಾಷೆ.

ಬೇಸಿಗೆ ಶುರುವಾಗಿತ್ತು. ಮಕ್ಕಳ ಅಂಗಿ ಬೆನ್ನಿಗಂಟುತ್ತಿತ್ತು. ಗೋಡೆಗೆ ಹೊಸ ಎಸಿ ಬಂದಿದ್ದರೂ ಆಫೀಸಿನ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಅಪ್ಪಣೆ ಬಂದ ದಿನ ಕಿಟಕಿಗಳನ್ನೆಲ್ಲ ಮುಚ್ಚಿದರು. ಎಸಿ ಕೆಳಗಿನ ಜಾಗಕ್ಕೆ ಜಗಳ ಹತ್ತಿ, ಕೊನೆಗೆ ಕಲ್ಲು-ಕತ್ತರಿ-ಕಾಗದ ಆಡಿದರು. ಗೆದ್ದವಳು ಅದೇ ಹುಡುಗಿ. ಸೋತವರ ಮುಂದೆ ಸೊಂಟ ಕುಣಿಸಿ, ಹೋಗಿ ಕುಳಿತಳು.

ಎಸಿಯ ಪೈಪಿಗೆಂದು ಗೋಡೆಗೆ ಕೊರೆದ ತೂತನ್ನು ಮುಚ್ಚಿರಲಿಲ್ಲ. ಅದರ ಹೊರಗೇ ಕೆಳಗಿನ ಅಡುಗೆಮನೆಯ ಬಾಯ್ಲರಿನ ಹೊಗೆಕೊಳವೆ ಬಿರುಕುಬಿಟ್ಟಿತ್ತು. ಇದೆಲ್ಲ ಗೊತ್ತಾದದ್ದು ಆಮೇಲೆ. ಆ ತೂತಿನಿಂದ ಒಳಗೆ ಬರುತ್ತಿದ್ದ ವಿಷಾನಿಲಕ್ಕೆ ವಾಸನೆಯಿಲ್ಲ.

ನಿದ್ದೆಯ ಹೊತ್ತಿನಲ್ಲಿ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಟೀಚರ್ ನನ್ನ ಗೆಳತಿ. ಅವತ್ತು ಬಾಗಿಲಿನ ಗಾಜಿನಲ್ಲಿ ಇಣುಕಿ, ನನ್ನನ್ನೂ ಕೈಬೀಸಿ ಕರೆದಳು.

“ಎಷ್ಟು ಚೆನ್ನಾಗಿ ಮಲಗಿದಾರೆ ನೋಡು,” ಎಂದು ಪಿಸುಗುಟ್ಟಿದಳು. “ದಿನಾ ಒಂದಾದರೂ ಕೋತಿ ಎದ್ದು ಕೂತಿರತ್ತೆ.”

ಇಬ್ಬರೂ ನಕ್ಕು, ತುದಿಗಾಲಲ್ಲಿ ಮುಂದೆ ಹೋದೆವು.

ಸಂಗೀತ ನಿಂತ ಮೇಲೂ ಒಳಗೆ ಕುರ್ಚಿ ಸರಿದ ಸದ್ದಾಗಲಿಲ್ಲ. ಬಾಗಿಲು ತಳ್ಳಿದೆ. ಗೆಳತಿ ಕಿಟಕಿಗಳನ್ನು ತೆರೆಯುತ್ತ ಕಿರುಚಿದಳು. ಪಕ್ಕದ ಕೋಣೆಗಳವರು ಓಡಿಬಂದರು. ಮಕ್ಕಳನ್ನು ಕಂಕುಳಿಗೆ ಕೈಹಾಕಿ ಕಾರಿಡಾರಿಗೆ ಎಳೆದೆವು. ಆ ಸೆಕೆಯಲ್ಲಿ ಒಬ್ಬೊಬ್ಬರಾಗಿ ವಾಂತಿ ಮಾಡಿಕೊಂಡರು, ಅತ್ತರು, ಅಮ್ಮನನ್ನು ಕರೆದರು. ಎಸಿ ಕೆಳಗೆ ಕುಳಿತಿದ್ದವಳು ಮಾತ್ರ ಕರೆಯಲಿಲ್ಲ. ಉಸಿರಿತ್ತು. ಕೆನ್ನೆಯ ಮೇಲೆ ತೋಳಿನ ಮಡಿಕೆಯ ಗುರುತಿತ್ತು.

ಆಸ್ಪತ್ರೆಯಲ್ಲೂ ಅವಳಿಗೆ ಎಚ್ಚರವಾಗಲಿಲ್ಲ. ವರ್ಷದ ಕರಾರು ಮುಗಿದು ನಾನು ಅಮೆರಿಕಕ್ಕೆ, ಮಿಲ್ಪಿಟಾಸಿನ ಅವ್ವನ ಮನೆಗೆ ಮರಳಿದೆ. ಗೆಳತಿ ಫೋನಿಗೆ ಸಂದೇಶ ಕಳಿಸುತ್ತಿದ್ದಳು. ಹುಡುಗಿ ಕಣ್ಣು ತೆರೆದಿದ್ದಾಳೆ. ಆದರೆ ಯಾರನ್ನೂ ನೋಡುತ್ತಿಲ್ಲ. ಆಮೇಲೆ ಬಂದವೆಲ್ಲ ಅದೇ ಮಾತು, ಬೇರೆ ಬೇರೆ ರೀತಿಯಲ್ಲಿ.

ಇಲ್ಲಿ ರಾತ್ರಿಯಾದಾಗ ಅಲ್ಲಿ ಮಧ್ಯಾಹ್ನ. ಕಣ್ಣು ಮುಚ್ಚಿದರೆ ಆ ಸಂಗೀತ ಕೇಳುತ್ತಿತ್ತು. ಈ ಸಲವಾದರೂ ಅವಳು ತಲೆ ಎತ್ತುತ್ತಾಳೆಯೇ ಎಂದು ಕಾಯುತ್ತ ಎಚ್ಚರವಾಗಿರುತ್ತಿದ್ದೆ. ಹಗಲು, ಧಾರವಾಡದ ರೂಢಿಯಂತೆ ಅವ್ವ ಊಟವಾದ ಮೇಲೆ ಒಂದಿಷ್ಟು ಅಡ್ಡಾದರೆ, ಹೋಗಿ ಅವಳ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ.

“ಸತ್ತೀನೇನು ಅಂತ ನೋಡ್ಲಿಕ್ಕೆ ಬಂದೀಯೇನ? ಸಂಜಿ ಚಹಾ ಕುಡಿಯೋದು ಅದ ಇನ್ನೂ. ನಡಿ ಅತ್ಲಾಗ!”

ವಿಷಾನಿಲ ಸೋರಿದರೆ ಕೂಗಬೇಕಾದ, ಗೋಡೆಯ ಮೇಲಿನ ಗ್ಯಾಸ್ ಅಲಾರಮ್ಮಿನ ಪರೀಕ್ಷೆಯ ಗುಂಡಿಯನ್ನೂ ದಿನಾ ಒತ್ತುತ್ತಿದ್ದೆ. ಅದು ಚೀರುತ್ತಿತ್ತು, ಪಕ್ಕದ ಟೌನ್‌ಹೌಸಿನವರು ಬಂದು ಕೇಳುತ್ತಿದ್ದರು. “ಏನಿಲ್ರೀ, ಆಕೀಗೆ ಆ ಡಬ್ಬಿ ಒದರಸೋ ಹುಚ್ಚು,” ಎಂದು ಅವ್ವ ಅವರಿಗೆ ಕನ್ನಡದಲ್ಲೇ ಹೇಳಿ ಕಳಿಸುತ್ತಿದ್ದಳು.

ಮತ್ತೆ ಬೇಸಿಗೆ ಬಂತು. ಒಂದು ಸಂಜೆ ಗೆಳತಿಯ ಸಂದೇಶ: ಇವತ್ತು ಮುಗಿಯಿತು, ಇನ್ನು ಕಾಯಬೇಡ.

ಅಳು ಬರಲಿಲ್ಲ. ಹಾಸಿಗೆಗೆ ಹೋದೆ. ಸಂಗೀತ ಕೇಳಲಿಲ್ಲ; ಕೇಳಿದ್ದರೂ ತಲೆ ಎತ್ತಬೇಕಾದವಳೇ ಇರಲಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಬಾಗಿಲಲ್ಲಿ ಅವ್ವ ಚಹಾ ಹಿಡಿದು ನಿಂತಿದ್ದಳು.

“ಎಷ್ಟು ಛಂದ ಮಲಗಿದ್ದಿ,” ಎಂದಳು. “ಎಬ್ಬಿಸ್ಲಿಕ್ಕೆ ಮನಸ್ಸಾಗ್ಲಿಲ್ಲ.”