ಐದು ಕಲ್ಲು, ಒಂದು ಬಿಳಿ ಹೂ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮಾಲೀಕರು ದಸರೆಗೆಂದು ಅಂಗಳದ ಗೋಡೆಗೆ ಸುಣ್ಣ ಹೊಡೆಯಲು ಶುರುಮಾಡಿದರು. ಬೀದರಿನಲ್ಲಿ ಈಗ ಹೆಚ್ಚಿನವರು ಡಬ್ಬಿಯ ಬಣ್ಣಕ್ಕೆ ಬಂದಿದ್ದಾರೆ. ಇವರು ಮಾತ್ರ ಹಳೆಯ ಬಕೆಟ್ಟಿನಲ್ಲಿ ಸುಣ್ಣದ ಹರಳು ಹಾಕಿ, ನೀರು ಸುರಿದು, ಅದು ಕೊತಕೊತ ಕುದಿಯುವುದನ್ನು ಸಂತೋಷದಿಂದ ನೋಡುತ್ತ ನಿಲ್ಲುತ್ತಾರೆ. ಕೊನೆಗೆ ಒಂದು ಚಿಟಿಕೆ ನೀಲಿ. ಆ ಬಿಸಿ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದಾಗ ನಾನು ಫೋನಿನಲ್ಲಿದ್ದ ಹೂವಿನ ಚಿತ್ರಗಳನ್ನು ತಿಂಗಳುವಾರು ಜೋಡಿಸುತ್ತಿದ್ದೆ. ಕೈ ಅಲ್ಲೇ ನಿಂತಿತು. ಸುಣ್ಣದ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಎಕಂಬಾದ ಹೊಲದ ಒಂದು ಬದು, ಅದರ ಮೇಲೊಂದು ಬಿಳಿ ಹೂ, ಮತ್ತು ನನ್ನ ಕೈಯಿಂದಲೇ ಆ ಹೊಲಕ್ಕೆ ಬಂದಿಳಿದ ಐವರು ಪಾಂಡವರು.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನನ್ನ ಕೆಲಸ ಭಾಲ್ಕಿಯ ಒಂದು ಕಚೇರಿಯಲ್ಲಿ, ವಾಸ ಬೀದರಿನಲ್ಲಿ. ರಜೆ ಸಿಕ್ಕಿತೆಂದರೆ ಫೋನು ಹಿಡಿದು ಕಾಡುಹೂಗಳ ಚಿತ್ರ ತೆಗೆಯಲು ಹೊರಡುತ್ತೇನೆ. ಮನೆಗೆ ಬಂದು ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುತ್ತೇನೆ: ತಾರೀಖು, ಜಾಗ, ಬಣ್ಣ, ಎಸಳೆಷ್ಟು, ಊರವರು ಅದನ್ನು ಏನೆಂದು ಕರೆಯುತ್ತಾರೆ. ಗೆಳತಿಯರು ಇದನ್ನು ಜನಗಣತಿ ಎಂದು ನಗುತ್ತಾರೆ. ನಗಲಿ. ಮಳೆಗಾಲದಲ್ಲಿ ಬೀದರ ಕೋಟೆಯ ಹೊರಗಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಸಾಸಿವೆಯಷ್ಟು ದೊಡ್ಡ ಹೂಗಳು ಏಳುತ್ತವೆ. ಅವುಗಳ ಚಿತ್ರಕ್ಕೆ ಹೊಟ್ಟೆಯ ಮೇಲೆ ಮಲಗಬೇಕು. ಹೀಗೆ ಮಲಗಿದ್ದಾಗ ಒಮ್ಮೆ ಒಬ್ಬ ಅಜ್ಜ ಓಡಿಬಂದು, "ಯವ್ವಾ, ಚಕ್ಕರ್ ಬಂತೇನು?" ಎಂದು ನನ್ನ ಮುಖಕ್ಕೆ ನೀರು ಎರಚಿದ್ದರು. ಆ ಹೂವಿನ ಸಾಲಿನಲ್ಲಿ ಷರಾ ಎಂದು ಅದನ್ನೂ ಬರೆದಿದ್ದೇನೆ. ಮಳೆ ಹಿಂದೆ ಸರಿದರೆ ಭಾಲ್ಕಿಯ ರೈಲುಹಳಿಯ ಪಕ್ಕ ತಂಗಡಿ ಹಳದಿಯಾಗುತ್ತದೆ, ಹೊಲದಲ್ಲಿ ಅಣ್ಣೆ ಹೂ ಗುಲಾಬಿ ಬಣ್ಣದ ಬತ್ತಿಗಳಂತೆ ನಿಲ್ಲುತ್ತದೆ. ಚಳಿಗೆ ತುಂಬೆ. ಬಿಸಿಲು ಏರುವಾಗ ಎಲೆಯೇ ಇಲ್ಲದ ಮುತ್ತುಗದ ಮರಕ್ಕೆ ಬೆಂಕಿಬಣ್ಣ. ಏನೂ ಇಲ್ಲದ ದಿನಕ್ಕೆ ನೆಗ್ಗಿಲು ಇದ್ದೇ ಇದೆ. ಹೂ ಚೆಂದ, ಮುಳ್ಳು ಚಪ್ಪಲಿಗೆ.

ಚಿತ್ರಕ್ಕೆ ನನ್ನದೊಂದು ಕಟ್ಟುನಿಟ್ಟಿನ ನಿಯಮವಿತ್ತು, ವಹಿಯ ಮೊದಲ ಪುಟದಲ್ಲೇ ಬರೆದದ್ದು. ಹೂ ಒಂದೇ ಇರಬೇಕು. ಮನುಷ್ಯರ ಕೈ, ಕಾಲು, ನೆರಳು ಯಾವುದೂ ಬೀಳಬಾರದು. ಬಿದ್ದರೆ ಅಳಿಸಿಬಿಡುವುದು.

ಔರಾದ ತಾಲೂಕಿನ ಎಕಂಬಾದಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ಅವ್ವನ ಅಕ್ಕ. ಅವಳಿಗೂ ಮಗ ಬಸಣ್ಣನಿಗೂ ಸೇರಿ ಒಂದು ಒಣಬೇಸಾಯದ ಹೊಲ, ಒಂದು ಟ್ರ್ಯಾಕ್ಟರ್, ದಿನಕ್ಕೊಂದು ಜಗಳ. ನಾನು ಹೊಲದಲ್ಲಿ ಬಗ್ಗಿದರೆ ದೊಡ್ಡವ್ವ, "ಪೋರಿ, ನಾ ಕಿತ್ತಿ ಒಗಿಯೂದನ್ನ ನೀ ಫೋಟು ತಗೀತಿ. ಇಬ್ಬರಾಗ ಒಬ್ಬರಿಗೆ ಬುದ್ಧಿ ಇಲ್ಲ" ಎನ್ನುತ್ತಿದ್ದಳು. ಯಾರಿಗೆಂದು ಮಾತ್ರ ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಮೊದಲ ಮಳೆ ಬಿದ್ದು ಎರಡು ದಿನವಾದ ಮಧ್ಯಾಹ್ನ, ಆ ಹೊಲದ ಬದುವಿನ ಮೇಲೆ ನಾನು ಹಿಂದೆಂದೂ ಕಾಣದ ಹೂವೊಂದು ಬಾಡಿ ಬಿದ್ದಿತ್ತು. ಬಿಳಿಯದು. ನಡುವೆ ಚಹಾದ ಪುಟ್ಟ ಬಟ್ಟಲು, ಸುತ್ತ ಉದ್ದನೆಯ ತೆಳು ಎಸಳು. ಒದ್ದೆ ಕಾಗದದಂತೆ ಮುದುಡಿದ್ದರೂ ವಾಸನೆ ಇನ್ನೂ ಉಳಿದಿತ್ತು. ದೊಡ್ಡವ್ವ ಹೇಳಿದಳು: "ಕಾಡುಳ್ಳಾಗಡ್ಡಿ ಅದು. ಮೊದಲ ಮಳಿಗೆ ಸಂಜಿಗೆ ಬಿಚ್ಚತದ, ಮುಂಜಾನಿಗಿ ಮುಗೀತು. ನಾ ಈ ಮನಿಗೆ ಸೊಸಿಯಾಗಿ ಬಂದಾಗ ಬದುವಿನ ತುಂಬ ಇರ್ತಿತ್ತು. ಈಗ ಇದೊಂದೇ ಗಡ್ಡಿ ಉಳದದ."

ವಹಿಯಲ್ಲಿ ಅದಕ್ಕೊಂದು ಸಾಲು ಬರೆದು ಚಿತ್ರದ ಜಾಗ ಖಾಲಿ ಬಿಟ್ಟೆ. ಖಾಲಿ ಜಾಗ ನನಗೆ ಹಲ್ಲಿನಲ್ಲಿ ಸಿಕ್ಕ ಅಡಿಕೆಯ ಚೂರಿನಂತೆ. ಒಂದು ವರ್ಷ ಕಾಯಬೇಕು, ಇರಲಿ. ಆದರೆ ಚಳಿಗೆ ಎಲೆ ಒಣಗಿ ಗಡ್ಡೆ ಮಣ್ಣೊಳಗೆ ಮಲಗಿದರೆ ಜಾಗ ಗುರುತಿಸುವುದು ಹೇಗೆ? ಅಲ್ಲೇ ಸಿಕ್ಕ ಕಲ್ಲುಗಳನ್ನು ಸುತ್ತ ಇಟ್ಟೆ. ದೂರದಿಂದ ಕಾಣಲಿ ಎಂದು ದೊಡ್ಡವ್ವನ ಹಿತ್ತಲಲ್ಲಿ ಉಳಿದಿದ್ದ ಸುಣ್ಣ ತಂದು ಬಳಿದೆ. ಕಲ್ಲು ಐದಿದ್ದವು. ನಮ್ಮ ಸೀಮೆಯ ಯಾರನ್ನು ಕೇಳಿದರೂ ನಗುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಹೊಲದಲ್ಲೂ ಸುಣ್ಣ ಬಳಿದ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುವ ನಾಡಿನಲ್ಲಿ ಹುಟ್ಟಿ ಬೆಳೆದವಳು ನಾನು. ಎಸಳು ಎಣಿಸುವವಳಿಗೆ ಅವತ್ತು ಕಲ್ಲು ಎಣಿಸುವ ನೆನಪಾಗಲಿಲ್ಲ.

ಆ ಚಳಿಗಾಲ ಎಳ್ಳ ಅಮಾವಾಸ್ಯೆಗೆ ಎಕಂಬಾಕ್ಕೆ ಹೋದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದು ತಮ್ಮ ತಮ್ಮ ಹೆಸರು ಮರೆತದ್ದು. ದೊಡ್ಡವ್ವ, ಬಸಣ್ಣನ ಜೊತೆ ಹೊಲ ಮುಟ್ಟಿದಾಗ ನನ್ನ ಕಲ್ಲುಗಳಿಗೆ ಆಗಲೇ ಕುಂಕುಮ ಬಿದ್ದಿತ್ತು, ಊದುಬತ್ತಿ ಉರಿಯುತ್ತಿತ್ತು. ಪಕ್ಕದ ಹೊಲದ, ಕುರಿ ಕಾಯುವ ಕಾಶಿಬಾಯಿ ಕೈಮುಗಿದು ನಿಂತಿದ್ದಳು.

"ಅಕ್ಕ, ಈ ಪಾಂಡವರು ಇಲ್ಲಿ ಯಾವಾಗ ಬಂದ್ರು? ನೋಡಿದಾಗಿಂದ ನಾ ಕುರಿ ಈ ಕಡಿ ಬಿಟ್ಟೇ ಇಲ್ಲ ನೋಡು."

ನಾನು ದೊಡ್ಡವ್ವನನ್ನು ಪಕ್ಕಕ್ಕೆ ಎಳೆದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು.

"ಈಗ ಏನ್ ಮಾಡೂದು ದೊಡ್ಡವ್ವ? ಸುಳ್ಳು ಆಗ್ತದಲ್ಲ?"

"ಕಲ್ಲು ನೀ ಇಟ್ಟಿ. ಪೂಜಿ ನಾವು ಮಾಡೀವಿ. ಇದರಾಗ ಸುಳ್ಳು ಎಲ್ಲದ? ನಮ್ಮ ಅತ್ತಿ ಇಟ್ಟಿದ್ದೂ ಹೊಲದಾನ ಕಲ್ಲೇ. ಸುಮ್ಮನ ಅಂಬಲಿ ಕುಡಿ."

ಆದರೆ ಊಟಕ್ಕೆ ಕೂತಾಗ ಬಸಣ್ಣ ಬೇರೆಯದೇ ಸುದ್ದಿ ತೆಗೆದ. ಬೇಸಿಗೆಗೆ ಜೆಸಿಬಿ ತರಿಸಿ ಈ ಬದು ಸವರಿ ಎರಡೂ ತುಂಡು ಒಂದು ಮಾಡುತ್ತಾನಂತೆ. ಟ್ರ್ಯಾಕ್ಟರ್ ತಿರುಗಿಸಲು ಜಾಗವೇ ಸಾಲುತ್ತಿಲ್ಲವಂತೆ. ಉಳಿದದ್ದು ಒಂದೇ ಗಡ್ಡೆ. ಒಂದು ಹೂವಿನ ಚಿತ್ರಕ್ಕಾಗಿ ಹೊಲ ಸಪಾಟು ಮಾಡಬೇಡ ಎಂದು ಯಾವ ಬಾಯಿಂದ ಹೇಳಲಿ? ದೊಡ್ಡವ್ವ ತಲೆ ಎತ್ತದೆ ಭಜ್ಜಿ ಬಡಿಸುತ್ತ ಕೇಳಿದಳು: "ಪಾಂಡವರನ್ನ ಎಲ್ಲಿ ಕೂಡಸ್ತಿಪಾ? ಟ್ರ್ಯಾಕ್ಟರ್ ಮ್ಯಾಲೇನು?"

ಬಸಣ್ಣ ಕಲ್ಲುಗಳನ್ನು ನೋಡಿದ, ನನ್ನನ್ನು ನೋಡಿದ, ಇನ್ನೊಂದು ರೊಟ್ಟಿ ಮುರಿದುಕೊಂಡ.

ಬೇಸಿಗೆಯುದ್ದಕ್ಕೂ ನಾನು ಚಡಪಡಿಸಿದೆ. ಮುತ್ತುಗದ ಚಿತ್ರ ತೆಗೆಯುವಾಗಲೂ ಕಣ್ಣಿನಲ್ಲಿ ಜೆಸಿಬಿಯೇ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ ನೋಡಿ. ಫೋನು ಮಾಡಿದಾಗೆಲ್ಲ ದೊಡ್ಡವ್ವ, "ಬಂದು ನೋಡು" ಎಂದು ಇಟ್ಟುಬಿಡುತ್ತಿದ್ದಳು. ಹೋಗಲು ನನಗೆ ಧೈರ್ಯವಾಗಲಿಲ್ಲ.

ಹೋದ ವರ್ಷ ಮೊದಲ ಮಳೆ ಬಿದ್ದ ಮರುದಿನ ಅವಳೇ ಫೋನು ಮಾಡಿದಳು. "ಮೂರು ಮೊಗ್ಗಿ ಬಂದಾವ. ಇವತ್ತ ಸಂಜಿಗೆ ಬಿಚ್ಚತಾವ. ಜಲ್ದಿ ಬಾ, ಕಾಶಿಬಾಯಿ ಪೂಜಿ ತಾಟು ಹಿಡಕೊಂಡು ತಿರಗಾಕತ್ಯಾಳ."

ಮಧ್ಯಾಹ್ನದ ರಜೆ ಬರೆದುಕೊಟ್ಟು ಔರಾದಿನ ಬಸ್ಸು ಹಿಡಿದೆ. ಅಲ್ಲಿಂದ ಟಂಟಂ ಆಟೋ. ಅದು ಎಕಂಬಾದ ಹಾದಿಯಲ್ಲಿ ಕೆಸರಿಗೆ ಕೂತಾಗ ಇಳಿದು ನಡೆದೆ. ಎರೆ ಮಣ್ಣಿನಲ್ಲಿ ನಡೆದವರಿಗೆ ಗೊತ್ತು, ಹೆಜ್ಜೆಗೊಂದಿಷ್ಟು ನೆಲ ಕಾಲಿಗಂಟಿ ಜೊತೆಗೇ ಬರುತ್ತದೆ. ಹೊಲ ಮುಟ್ಟಿದಾಗ ಮೊದಲು ಕಂಡದ್ದು ಸಪಾಟು ನೆಲ. ಬದು ಇರಲಿಲ್ಲ. ಆಮೇಲೆ ನಡುಹೊಲದಲ್ಲಿ, ಸವರದೆ ಬಿಟ್ಟ ಒಂದು ಮಂಚದಷ್ಟು ಬದುವಿನ ತುಂಡು ಕಂಡಿತು. ಅದರ ಮೇಲೆ ಐದು ಕಲ್ಲು. ಕಲ್ಲಿನ ಮುಂದೆ ಛತ್ರಿ ಹಿಡಿದು ಕೂತ ದೊಡ್ಡವ್ವ. ಎದುರಿಗೆ ತಾಟು ಹಿಡಿದ ಕಾಶಿಬಾಯಿ.

"ದೇವರ ಮುಂದಿನ ಹೂ ದೇವರಿಗೆ ಏರಸೂದು ಬ್ಯಾಡಂತಿಯಲ್ಲ ಅಕ್ಕ!"

"ಅರಳಿದ ಮ್ಯಾಲ ಏರಸವ್ವ. ಹಸಿ ಮೊಗ್ಗಿ ತಗೊಂಡು ಧರ್ಮರಾಯ ಏನ್ ಉಪ್ಪಿನಕಾಯಿ ಹಾಕ್ತಾನೇನು?"

ಕಾಶಿಬಾಯಿಯೂ ನಕ್ಕು ನಮ್ಮ ಪಕ್ಕದಲ್ಲೇ ಕೂತಳು. ಬಿಸಿಲು ಇಳಿಯಿತು. ಮೊದಲು ಒಂದು ಮೊಗ್ಗಿನ ತುದಿ ಬಿರಿಯಿತು. ಎಸಳುಗಳು ನಿದ್ದೆಯಿಂದೆದ್ದ ಮಗು ಮೈಮುರಿದಂತೆ ಹಿಂದಕ್ಕೆ ಬಾಗಿದವು. ಇನ್ನೊಂದು. ಮತ್ತೊಂದು. ಘಮ ಎದ್ದಿತು. ನಾನು ಮಣ್ಣಿನಲ್ಲಿ ಮಲಗಿ ಫೋನು ಹಿಡಿದೆ. ಆಗಲೇ ಗಾಳಿ ಬೀಸಿತು. ಹೂ ತೂಗಿ ತೂಗಿ ಚಿತ್ರವೆಲ್ಲ ಹಾಲಿನ ಕಲೆ. ಬೆಳಕು ಜಾರುತ್ತಿತ್ತು. ನನಗೆ ಅಳು ಬಂದದ್ದು ನೋಡಿ ದೊಡ್ಡವ್ವ ತನ್ನ ಎರಡೂ ಕೈಗಳನ್ನು ಹೂವಿನ ಆಚೀಚೆ ಗೋಡೆ ಮಾಡಿ ಹಿಡಿದಳು. "ತಗಿ ಈಗ."

ತೆಗೆದೆ.

ಬಸಣ್ಣ ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ. "ಅಣ್ಣ, ಪಾಂಡವರ ಪುಣ್ಯಕ್ಕ ಉಳೀತು" ಎಂದೆ, ಮುಖ ಬಿಗಿ ಮಾಡಿಕೊಂಡು.

ಅವನು ಬಗ್ಗಿ ಮೆಲ್ಲಗೆ ಹೇಳಿದ: "ಕಲ್ಲಿನ ಮ್ಯಾಲ ನಮ್ಮ ಹಿತ್ತಲ ಗ್ವಾಡಿ ನೀಲಿ ಹತ್ತೇದ. ನಮ್ಮವ್ವ ಬಿಟ್ಟು ಊರಾಗ ಇಷ್ಟು ನೀಲಿ ಯಾರೂ ಹಾಕಂಗಿಲ್ಲ. ನಂಗ ಆವತ್ತೇ ಗೊತ್ತಾಗೇದ."

"ಮತ್ತ ಯಾಕ ಬಿಟ್ಟಿ?"

"ಅವ್ವ ಛತ್ರಿ ತಗೊಂಡು ಜೆಸಿಬಿ ಮುಂದ ಕೂತಬಿಟ್ಟಳು, ನಾ ಏನ್ ಮಾಡ್ಲಿ? ಪಾಂಡವರು ಅಂದ್ರ ನನ್ನ ಮರ್ಯಾದಿನೂ ಉಳೀತದ" ಎಂದು ನಗುತ್ತ ಹೋದ. ಈಗ ಆ ತುಂಡಿನ ಸುತ್ತ ಟ್ರ್ಯಾಕ್ಟರ್ ಪ್ರದಕ್ಷಿಣೆ ಹಾಕುತ್ತದೆ; ಮೊದಲಿಗಿಂತ ಕಷ್ಟ ಹೆಚ್ಚು. ಈ ವರ್ಷದ ಮೊದಲ ಮಳೆಗೆ ಅಲ್ಲಿ ಇನ್ನೊಂದು ಎಳೆ ಗಿಡವೂ ಎದ್ದಿದೆ.

ಇವತ್ತು ಫೋನಿನಲ್ಲಿ ನಾನು ನೋಡುತ್ತಿದ್ದದ್ದು ಆ ಚಿತ್ರವನ್ನೇ. ಹೂವಿನ ಎರಡೂ ಬದಿಗೆ ದೊಡ್ಡವ್ವನ ಬೆರಳು, ಹಸಿರು ಬಳೆ, ಉಗುರಿನ ಸಂದಿಯಲ್ಲಿ ಮಣ್ಣು. ನನ್ನ ನಿಯಮದ ಪ್ರಕಾರ ಅಳಿಸಬೇಕಾದದ್ದು. ವಹಿಯಲ್ಲಿ ನಿಯಮದ ಆ ಸಾಲನ್ನೇ ಹೊಡೆದುಹಾಕಿದ್ದೇನೆ. ಖಾಲಿ ಜಾಗ ತುಂಬಿದೆ.

ಬೀದರಿನ ಪಕ್ಕದ ಮನ್ನಳ್ಳಿಯ ದಾರಿಯಲ್ಲಿ, ಗೆಳತಿಯೊಬ್ಬಳ ಹೊಲದ ಬದುವಿನ ಮೇಲೆ ಈ ಮಳೆಗಾಲ ಅಂಥದೇ ಎಲೆ ಕಂಡಿದ್ದೆ. ಈಗ ಅವು ಹಳದಿ ತಿರುಗುತ್ತಿರಬೇಕು. ಅವಳ ಅಪ್ಪನೂ ಬದು ಸವರುವ ಮಾತಾಡುತ್ತಿದ್ದಾರೆ. ಕೆಳಗಿಳಿದು ಮಾಲೀಕರನ್ನು ಕೇಳಿದೆ: "ಅಂಕಲ್, ಒಂದು ಡಬ್ಬಿ ಸುಣ್ಣ ಕೊಡ್ತೀರೇನ್ರಿ?"

"ಯಾಕವಾ, ಏನ್ ಬಳೀತಿ?"

"ಕಲ್ಲು ರಿ."

"ಎಷ್ಟು ಕಲ್ಲು?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಐದು ರಿ" ಎಂದೆ. "ನೀಲಿ ಮಾತ್ರ ಕಡಿಮಿ ಹಾಕ್ರಿ."