ಎರಡು ಕಲ್ಲುಗಳ ಆಚೆ

ನಾರಾಯಣಖೇಡದ ಕಡೆಯ ನಮ್ಮ ಗುಡ್ಡವನ್ನು ಬೆಟ್ಟ ಅಂದರೆ ಯಾರಾದರೂ ನಕ್ಕಾರು. ಆದರೆ ಚಳಿಗಾಲದ ಬೆಳಿಗ್ಗೆ ತೊಗರಿ ಹೊಲಗಳ ಮೇಲೆ ಮಂಜು ನಿಂತಾಗ ಅದಕ್ಕೆ ಬುಡವೇ ಇರುವುದಿಲ್ಲ. ಕೆಂಪು ನೆತ್ತಿ, ಸೀತಾಫಲದ ಪೊದೆ, ನಾವು ಮುತ್ಯಾ ಅನ್ನುವ ಅಜ್ಜನ ಕುರಿಗಳು, ಎಲ್ಲ ತೇಲುತ್ತಿರುತ್ತವೆ.

ಅರ್ಧ ಗುಡ್ಡಕ್ಕೆ ಎರಡು ಕಲ್ಲುಗಳಿವೆ. ಅವುಗಳಾಚೆಯ ಬಿಲದಲ್ಲಿ ತೋಳ ಮರಿ ಹಾಕಿದರೆ, ಮರಿಗಳು ಬೆಳೆದು ತಾವಾಗಿ ಹೋಗುವವರೆಗೆ ನಮ್ಮ ಮನೆಯ ಮಂದೆ ಕಲ್ಲು ದಾಟುವುದಿಲ್ಲ. ಅಷ್ಟು ದಿನ ಆಕೆಯೂ ನಮ್ಮ ಕುರಿ ಮುಟ್ಟುವುದಿಲ್ಲವೆಂದು ಮುತ್ಯಾನ ನಂಬಿಕೆ. ಹೋದ ಚಳಿಗಾಲ ಆಕೆ ಅಲ್ಲಿ ಮರಿ ಹಾಕಿದ್ದಳು. ಜಹೀರಾಬಾದಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜೆಗೆ ಬಂದಿದ್ದ ನಾನು ಬಿಟ್ಟೇನೆಯೇ? ಒಬ್ಬರೇ ಮಾಡಿಕೊಂಡದ್ದು ಒಪ್ಪಂದ ಹೇಗಾದೀತು?

"ಆಕಿ ಯಾವ ಕಾಗದಕ್ಕ ಸಹಿ ಮಾಡ್ಯಾಳ, ಮುತ್ಯಾ?"

ಮುತ್ಯಾ ಕಂಬಳಿ ಕೊಡವಿದ. "ನಮ್ಮ ಮನ್ಯಾಗ ಇರಾಕ ನೀ ಯಾವ ಕಾಗದಕ್ಕ ಸಹಿ ಮಾಡೀದಿ?"

ಅದು ವಾದವಲ್ಲ ಎಂದು ನಾನು ಊಟ ಮುಗಿಯುವವರೆಗೂ ವಾದಿಸಿದೆ.

ಮರುದಿನ ಆತ ಮೊಣಕಾಲು ಡಾಕ್ಟರಿಗೆ ತೋರಿಸಲು ರಾಯಿಕೋಡಿಗೆ ಹೊರಟ. ಕೋಲು, ಕಂಬಳಿ ನನ್ನ ಕೈಗಿಟ್ಟು, ಕಲ್ಲು ದಾಟಬೇಡ, ನಾಯಿ ಒಯ್ಯಬೇಡ ಅಂದ. ನಾನು ಎರಡನ್ನೂ ಮಾಡಿದೆ.

ಆಚೆ ಯಾರೂ ಮೇಯಿಸದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ ನಿಂತಿತ್ತು. ಕುರಿಗಳು ಅದರೊಳಗೆ ಈಜಿಕೊಂಡು ಹೋದವು. ನಾಯಿ ನೇರವಾಗಿ ಬಿಲಕ್ಕೆ ಮೂತಿ ಇಟ್ಟು ಬೊಗಳಿತು. ಒಳಗಿನಿಂದ ಎಳೆಯ ಕುಂಯ್‌ಗುಟ್ಟುವಿಕೆ. ನಾನು ಓಡಿಹೋಗಿ ನಾಯಿಯ ಕೊರಳು ಹಿಡಿದು ಹಿಂದಕ್ಕೆಳೆದು, ಅದರ ಮೇಲೆ ಕಂಬಳಿ ಮುಚ್ಚಿ ಕುಳಿತೆ. ಆಗ ಹುಲ್ಲಿನ ಒಂದು ತುಂಡು ತಲೆ ತಿರುಗಿಸಿತು. ಆಕೆ ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ತಿಳಿಯದು.

ಕುರಿಗಳ ಕಡೆ ಆಕೆ ನೋಡಲೇ ಇಲ್ಲ. ಬಿಲಕ್ಕಿಳಿದು ಒಂದು ಮರಿಯನ್ನು ಬಾಯಲ್ಲಿ ಎತ್ತಿಕೊಂಡು ಕೊರಕಲಿನ ಮಂಜಿನೊಳಗೆ ನಡೆದುಹೋದಳು. ಮತ್ತೆ ಬಂದಳು. ಮತ್ತೆ ಹೋದಳು. ಮೂರನೆಯ ಸಲ ಹೋದವಳು ತಿರುಗಿ ಬರಲಿಲ್ಲ. ಅಷ್ಟೂ ಹೊತ್ತು ಕುರಿಗಳು ಮೇಯುತ್ತಲೇ ಇದ್ದವು, ನಾಯಿಯ ಎದೆ ನನ್ನ ಕೈಯಡಿ ಬಡಿಯುತ್ತಿತ್ತು.

ಒಂದು ಕುರಿಗೂ ಏನೂ ಆಗಲಿಲ್ಲ. ಸ್ಪರ್ಧೆಯಾಗಿದ್ದರೆ ಎರಡೂ ಪಕ್ಷದವರು ಇದನ್ನೇ ತಮ್ಮ ಪುರಾವೆ ಅನ್ನುತ್ತಿದ್ದರು.

ಸಂಜೆ ಬಸ್ಸಿಳಿದ ಮುತ್ಯಾನಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಉತ್ತರ ತಯಾರಿತ್ತು. ಆತ ಬೈಯಲಿಲ್ಲ.

"ಎಷ್ಟ ಮರಿ?"

"ಮೂರು."

"ಮೂರೂ ಒಯ್ದಾಳ?"

"ಹೂಂ."

"ಹಂಗಾರ ಆತು," ಎಂದು ಪಡಸಾಲೆಯ ತಾಂಡೂರು ಹಾಸುಗಲ್ಲಿನ ಮೇಲೆ ಕಾಲು ಚಾಚಿದ. ಮೊಣಕಾಲು ನೀವಿಕೊಳ್ಳುತ್ತ, "ಎಲ್ಲಿ ಇಟ್ಟಾಳೋ. ಅಲ್ಲಿಯವ್ರು ಎಂಥವ್ರೋ," ಅಂದ.

ಈ ಚಳಿಗಾಲದ ರಜೆಯಲ್ಲಿ ಮಂದೆ ಕಾಯುವ ಕೆಲಸ ನನ್ನದೇ. ನಾಯಿಯನ್ನು ಮನೆಯಲ್ಲೇ ಕಟ್ಟಿ, ಎರಡು ಕಲ್ಲುಗಳ ಈಚೆ ಕುಳಿತುಕೊಳ್ಳುತ್ತೇನೆ. ಆಚೆ ಹುಲ್ಲು ಮಂಜಿನಲ್ಲಿ ಅಲುಗುತ್ತಿರುತ್ತದೆ. ಬಿಲ ಖಾಲಿಯೆಂದೇ ನನ್ನ ವಾದ. ಸಾಬೀತು ಮಾಡಬೇಕಾದರೆ ಹತ್ತಿರ ಹೋಗಿ ನೋಡಬೇಕು. ಹೋಗಿಲ್ಲ.